ಬೆಳಗಾವಿಯಲ್ಲೇ ಕೂತು ಪುಟಾಣಿ ಉಪಗ್ರಹದ ಕಂಪನಿ ಮಾಡಬಹುದಾ?

ವಿಎಂಸಿ_ಹುಡುಗಿ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಉದ್ಯಮಬಾಗದಲ್ಲಿ ನಮ್ಮ ಅಪ್ಪನದು ಸಣ್ಣ ಮಶೀನ್ ಶಾಪ್. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಎರಡು ವಿಎಂಸಿ ಮಶೀನ್, ಒಂದು ಸಿಎನ್‌ಸಿ ಲೇತ್, ಹಳೇ ಮಿಲ್ಲಿಂಗ್ ಮಶೀನ್. ಇಷ್ಟು ವರ್ಷ ಹೈಡ್ರಾಲಿಕ್ ವಾಲ್ವ್ ಬಾಡಿ, ಪಂಪಿನ ಭಾಗ, ಇಂಥದ್ದೇ ಜಾಬ್ ವರ್ಕ್ ಮಾಡಿಕೊಂಡು ಬಂದಿದ್ದಾರೆ. ನಾನು ಎಲೆಕ್ಟ್ರಾನಿಕ್ಸ್ ಓದಿದವಳು, ಈಗ ಶಾಪಿನ ಕೊಟೇಶನ್, ಡ್ರಾಯಿಂಗ್, ಲೆಕ್ಕ ಎಲ್ಲ ನಾನೇ ನೋಡುತ್ತೇನೆ. ಇತ್ತೀಚೆಗೆ ಬೆಂಗಳೂರಿನ ಒಂದು ಸಣ್ಣ ಕಂಪನಿಯಿಂದ ಫೋನ್ ಬಂತು. 3ಯು ಕ್ಯೂಬ್‌ಸ್ಯಾಟಿಗೆ, ಅಂದರೆ ಡಬ್ಬಿಯಂಥ ಪುಟ್ಟ ಉಪಗ್ರಹಕ್ಕೆ, ಅಲ್ಯೂಮಿನಿಯಂ ಚೌಕಟ್ಟು ಬೇಕು, ಮಾಡಿಕೊಡ್ತೀರಾ ಅಂತ. ಡ್ರಾಯಿಂಗ್ ನೋಡಿದೆ. ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನೋ ಮಿತಿ) ಬಿಗಿ ಇದೆ, ಆದರೆ ನಮ್ಮ ಕೈಲಿ ಆಗದ ಕೆಲಸ ಅಂತ ಅನ್ನಿಸಲಿಲ್ಲ.

ಅವತ್ತಿನಿಂದ ತಲೆಯಲ್ಲಿ ಅದೇ ಓಡುತ್ತಿದೆ. ಚೌಕಟ್ಟು ಮಾಡೋಕೆ ಬಂದರೆ ಇಡೀ ಉಪಗ್ರಹ ಯಾಕೆ ಮಾಡಬಾರದು? ನನ್ನ ಜೊತೆ ಓದಿದ ಇಬ್ಬರು ಗೆಳತಿಯರು ತಯಾರಿದ್ದಾರೆ. ಒಬ್ಬಳು ಎಂಬೆಡೆಡ್ ಪ್ರೋಗ್ರಾಮಿಂಗ್ ಮಾಡುತ್ತಾಳೆ, ಇನ್ನೊಬ್ಬಳಿಗೆ ಆರ್‌ಎಫ್, ಅಂದರೆ ರೇಡಿಯೋ ತರಂಗದ ಕೆಲಸ, ಚೆನ್ನಾಗಿ ಗೊತ್ತು. 2019ರ ಆಗಸ್ಟಿನಲ್ಲಿ ಗೋಕಾಕ, ರಾಮದುರ್ಗ ಎಲ್ಲ ನೀರಲ್ಲಿ ನಿಂತಿದ್ದನ್ನು ನೋಡಿದವರು ನಾವು. ನಮ್ಮ ಹೊಳೆಗಳ ಮೇಲೆ ಕಣ್ಣಿಡುವ ಒಂದು ಪುಟ್ಟ ಉಪಗ್ರಹ ನಾವೇ ಮಾಡಿ ಹಾರಿಸಬೇಕು ಅನ್ನೋದು ಮೂವರ ಆಸೆ.

ಅಪ್ಪ ಹೇಳೋದು ಬೇರೆ. "ಮೊದಲು ಚೌಕಟ್ಟಿನ ಆರ್ಡರ್ ಸರಿಯಾಗಿ ಮಾಡಿ ಕೊಡು, ಆಕಾಶದ ಮಾತು ಆಮೇಲೆ" ಅಂತಾರೆ. ಬೇಡ ಅಂತ ಅಂದಿಲ್ಲ, ಆದರೆ ಶಾಪ್ ಅಡ ಇಟ್ಟು ಮಾಡೋ ಕೆಲಸ ಇದಲ್ಲ ಅನ್ನೋದು ಅವರ ಮಾತು.

ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದರೆ ಹೇಳಿ. ಬೆಂಗಳೂರಿಗೆ ಹೋಗದೆ ಇಲ್ಲಿಂದಲೇ ಇದು ಸಾಧ್ಯಾನಾ? ಹಾರಿಸೋದು ಕಷ್ಟಾನಾ, ಮಾಡೋದು ಕಷ್ಟಾನಾ? ಹಾರಿದ ಮೇಲೆ ದುಡ್ಡು ಎಲ್ಲಿಂದ ಬರುತ್ತೆ?

ಕರದಂಟು_ಪ್ರಿಯ (ಗೋಕಾಕ, ಸದ್ಯ ಬೆಂಗಳೂರು)

ಪ್ರಶ್ನೆ ಓದಿ ತುಂಬಾ ಖುಷಿ ಆಯ್ತು. ನಾನು ಬೆಂಗಳೂರಿನಲ್ಲಿ ಸಣ್ಣ ಉಪಗ್ರಹ ಜೋಡಿಸುವ ಕೆಲಸದಲ್ಲೇ ಇದ್ದೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹಾರಿಸೋದು ಈಗ ಮೊದಲಿನಷ್ಟು ದೊಡ್ಡ ಅಡ್ಡಿ ಅಲ್ಲ. 1999ರಲ್ಲಿ ಅಮೆರಿಕದ ಇಬ್ಬರು ಪ್ರೊಫೆಸರ್‌ಗಳು, ಸ್ಟ್ಯಾನ್‌ಫರ್ಡಿನ ಬಾಬ್ ಟ್ವಿಗ್ಸ್ ಮತ್ತು ಕ್ಯಾಲ್ ಪಾಲಿಯ ಜೋರ್ಡಿ ಪುಯಿಗ್ ಸುವಾರಿ, ಕ್ಯೂಬ್‌ಸ್ಯಾಟಿಗೆ 10 ಸೆಂಟಿಮೀಟರ್ ಘನದ ಅಳತೆಯನ್ನು ಗೊತ್ತುಮಾಡಿದರು. ಅದೇ 1ಯು. ಮೂರು ಉದ್ದಕ್ಕೆ ಸೇರಿದರೆ 3ಯು. ಹೊರಗಿನ ಅಳತೆ ಎಲ್ಲರದೂ ಒಂದೇ ಆದ್ದರಿಂದ ಒಳಗೆ ಏನಿದೆ ಅಂತ ರಾಕೆಟ್‌ನವರು ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ, ಕಕ್ಷೆಯಲ್ಲಿ ಉಪಗ್ರಹವನ್ನು ಹೊರಗೆ ತಳ್ಳುವ ಡಿಪ್ಲಾಯರ್ ಪೆಟ್ಟಿಗೆಯಲ್ಲಿ ಇಟ್ಟು ಬಾಗಿಲು ಮುಚ್ಚಿದರೆ ಆಯ್ತು. 2017ರ ಫೆಬ್ರವರಿ 15ರಂದು ಇಸ್ರೋದ ರಾಕೆಟ್ ಪಿಎಸ್‌ಎಲ್‌ವಿ-ಸಿ37 ಒಂದೇ ಸಲ 104 ಉಪಗ್ರಹ ಒಯ್ದಿತಲ್ಲ, ಅದರಲ್ಲಿ 88 ಪ್ಲಾನೆಟ್ ಅನ್ನೋ ಒಂದೇ ಕಂಪನಿಯ 3ಯು ಉಪಗ್ರಹಗಳು. ಈಗ ಇಸ್ರೋದ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿ ಇದೆ, ಸ್ಪೇಸ್‌ಎಕ್ಸ್‌ನ ಹಂಚಿಕೆ ಸವಾರಿ ಇದೆ. ದುಡ್ಡು ಮತ್ತು ಪರವಾನಗಿ ಇದ್ದರೆ ಜಾಗ ಸಿಗುತ್ತೆ.

ಆದರೆ ಹಾರಿದ ಮೇಲೆ ಅದು ಮಾತಾಡಬೇಕಲ್ಲ, ಕಷ್ಟ ಇರೋದು ಅಲ್ಲೇ. ಮೊದಲು ವಿದ್ಯುತ್ತಿನ ಲೆಕ್ಕ ನೋಡಿ. ಅಲ್ಲಿ ಒಂದು ಚದರ ಮೀಟರಿಗೆ ಸುಮಾರು 1361 ವಾಟ್ ಬಿಸಿಲು ಬೀಳುತ್ತೆ. ನಿಮ್ಮ 1ಯು ಘನದ ಒಂದು ಮುಖಕ್ಕೆ ಬರೋದು 13.6 ವಾಟ್. ಒಳ್ಳೆಯ ಸೌರಕೋಶ ಅದರಲ್ಲಿ ಶೇ 30ರಷ್ಟನ್ನು ಮಾತ್ರ ವಿದ್ಯುತ್ ಮಾಡುತ್ತೆ. ಕೋಶ ಇಡೀ ಮುಖವನ್ನು ತುಂಬೋದಿಲ್ಲ, ಬಿಸಿಲು ಯಾವಾಗಲೂ ನೇರ ಬೀಳೋದಿಲ್ಲ. 500 ಕಿಲೋಮೀಟರ್ ಎತ್ತರದಲ್ಲಿ ಒಂದು ಸುತ್ತಿಗೆ ಸುಮಾರು 95 ನಿಮಿಷ, ಅದರಲ್ಲಿ 35 ನಿಮಿಷದಷ್ಟು ಹೊತ್ತು ಭೂಮಿಯ ನೆರಳಲ್ಲೇ ಇರುತ್ತೆ. ಎಲ್ಲ ಕಳೆದರೆ ಸರಾಸರಿ ಎರಡು ವಾಟಿನ ಆಸುಪಾಸು ಉಳಿಯುತ್ತೆ. ಕಂಪ್ಯೂಟರು, ರೇಡಿಯೋ, ಕ್ಯಾಮೆರಾ ಎಲ್ಲ ಅಷ್ಟರಲ್ಲೇ ನಡೆಯಬೇಕು. ಮೇಲಾಗಿ ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತೆ, ಅದನ್ನು ಬೆಚ್ಚಗಿಡೋಕೂ ಅದೇ ಎರಡು ವಾಟಿನಲ್ಲೇ ಪಾಲು ಕೊಡಬೇಕು.

ಇನ್ನು ಪ್ರವಾಹದ ವಿಷಯ. ಇದನ್ನು ನೇರವಾಗಿ ಹೇಳಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡಿ. ನಮ್ಮ ಹೊಳೆ ತುಂಬೋದು ಮಳೆಗಾಲದಲ್ಲಿ. ಆಗ ಮೇಲೆಲ್ಲ ಮೋಡ. ಕ್ಯಾಮೆರಾ ಎಷ್ಟೇ ಚೆನ್ನಾಗಿದ್ದರೂ ಮೋಡದ ಬೆನ್ನಷ್ಟೇ ಕಾಣುತ್ತೆ. ಮೋಡ ಇಲ್ಲದಿದ್ದರೂ ಮಸೂರದ ಅಗಲಕ್ಕೆ ಒಂದು ಮಿತಿ ಇದೆ. 10 ಸೆಂಟಿಮೀಟರ್ ಪೆಟ್ಟಿಗೆಯಲ್ಲಿ ಹೆಚ್ಚೆಂದರೆ 9 ಸೆಂಟಿಮೀಟರ್ ಮಸೂರ ಕೂರುತ್ತೆ, ಬೆಳಕಿನ ಗುಣದಿಂದಲೇ 500 ಕಿಲೋಮೀಟರಿನಿಂದ ಮೂರೂವರೆ ನಾಲ್ಕು ಮೀಟರಿಗಿಂತ ಸಣ್ಣದು ಬಿಡಿಸಿ ಕಾಣೋದಿಲ್ಲ. ಮೋಡದಾಚೆ ನೋಡಬೇಕು ಅಂದರೆ ರೇಡಾರ್ ಬೇಕು, ರೇಡಾರಿಗೆ ವಿದ್ಯುತ್ ಜಾಸ್ತಿ ಬೇಕು. ಫಿನ್ಲೆಂಡಿನ ಐಸ್‌ಐ ಕಂಪನಿ 100 ಕಿಲೋಗಿಂತ ಕಡಿಮೆ ತೂಕದ ರೇಡಾರ್ ಉಪಗ್ರಹ ಮಾಡಿ 2018ರ ಜನವರಿಯಲ್ಲಿ ನಮ್ಮ ಪಿಎಸ್‌ಎಲ್‌ವಿ-ಸಿ40ರಲ್ಲೇ ಹಾರಿಸಿತು. ಅವರ ದೊಡ್ಡ ಸಾಧನೆ ಅದು. ಆದರೆ 1ಯು, 3ಯುನಲ್ಲಿ ಆಗೋ ಕೆಲಸ ಅಲ್ಲ.

ಮೂರನೇದು ಪರೀಕ್ಷೆ. ಕಂಪನ ಪರೀಕ್ಷೆ, ನಿರ್ವಾತದಲ್ಲಿ ಬಿಸಿ ಮತ್ತು ತಣ್ಣಗಿನ ಪರೀಕ್ಷೆ, ಇವನ್ನು ಬಿಟ್ಟು ಯಾವ ರಾಕೆಟ್‌ನವರೂ ನಿಮ್ಮನ್ನು ಹತ್ತಿಸಿಕೊಳ್ಳೋದಿಲ್ಲ. ಇದಕ್ಕೆ ಬೆಂಗಳೂರಿಗೆ ಬರಲೇಬೇಕು, ಇಲ್ಲವೇ ಅಹಮದಾಬಾದಿನ ಬೋಪಾಲ್‌ನಲ್ಲಿರುವ ಇನ್‌ಸ್ಪೇಸ್ (ಖಾಸಗಿಯವರ ಬಾಹ್ಯಾಕಾಶ ಕೆಲಸ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ತಾಂತ್ರಿಕ ಕೇಂದ್ರಕ್ಕೆ ಹೋಗಬೇಕು. ಕಂಪನ ಏನು ಮಾಡಬಲ್ಲದು ಅನ್ನೋದಕ್ಕೆ ರಾಕೆಟ್ಟಿನದೇ ಉದಾಹರಣೆ ಇದೆ. 2022ರ ಆಗಸ್ಟ್ 7ರಂದು ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟ. ಎರಡನೇ ಹಂತ ಕಳಚುವಾಗ ಕ್ಷಣಮಾತ್ರ ಜೋರಾಗಿ ನಡುಗಿತು, ಸೆನ್ಸರುಗಳೇ ಕೆಟ್ಟಿವೆ ಅಂತ ರಾಕೆಟ್ಟಿನ ಕಂಪ್ಯೂಟರ್ ತೀರ್ಮಾನಿಸಿತು. ಉಪಗ್ರಹಗಳು 356 ಕಿಲೋಮೀಟರಿನ ವೃತ್ತದ ಬದಲು ಒಂದು ತುದಿಯಲ್ಲಿ 76 ಕಿಲೋಮೀಟರಿಗೆ ಇಳಿಯುವ ಕಕ್ಷೆಗೆ ಬಿದ್ದು ಕಳೆದುಹೋದವು. ಅದರಲ್ಲಿ ಸರ್ಕಾರಿ ಶಾಲೆಗಳ 750 ಹೆಣ್ಣುಮಕ್ಕಳು ಕೈಹಾಕಿದ್ದ ಆಜಾದಿಸ್ಯಾಟ್ ಇತ್ತು. ಅದರ ಹಿಂದಿದ್ದ ತಂಡ ಸುಮ್ನೆ ಕೂರಲಿಲ್ಲ, ಇನ್ನೊಂದು ಮಾಡಿ 2023ರ ಫೆಬ್ರವರಿ 10ರಂದು ಎರಡನೇ ಹಾರಾಟದಲ್ಲಿ ಕಕ್ಷೆಗೆ ಸೇರಿಸಿತು. ಎರಡನೇದಕ್ಕೂ ನಿಮ್ಮ ಹತ್ತಿರ ದುಡ್ಡು, ಧೈರ್ಯ ಇರುತ್ತಾ ಅಂತ ಮೊದಲೇ ಕೇಳಿಕೊಳ್ಳಿ. ಪಿಎಸ್‌ಎಲ್‌ವಿಯಂಥ ನಂಬಿಕಸ್ಥ ರಾಕೆಟ್ ಕೂಡ 2025ರ ಮೇ 18ರಂದು ಮೂರನೇ ಹಂತದಲ್ಲಿ ಕೈಕೊಟ್ಟಿತು.

ನನ್ನ ಸಲಹೆ ಇಷ್ಟು. ಇಡೀ ಉಪಗ್ರಹಕ್ಕೆ ಈಗಲೇ ಕೈ ಹಾಕಬೇಡಿ. ಚೌಕಟ್ಟು, ಸೌರಫಲಕದ ಹಿಂಜ್, ಆಂಟೆನಾ ಬಿಚ್ಚಿಕೊಳ್ಳುವ ಯಂತ್ರಭಾಗ, ಡಿಪ್ಲಾಯರ್, ಇವು ನಿಮ್ಮ ಶಾಪಿಗೆ ಹತ್ತಿರದ ಕೆಲಸಗಳು. ಇಂಥದ್ದನ್ನು ಮಾಡಿ ಪಿಎಸ್‌ಎಲ್‌ವಿಯ ಪೋಯಮ್ ವೇದಿಕೆಯಲ್ಲಿ ಹಾರಿಸಿ ತೋರಿಸಬಹುದು. ತನ್ನ ಕೆಲಸ ಮುಗಿಸಿದ ನಾಲ್ಕನೇ ಹಂತವನ್ನೇ ಕಕ್ಷೆಯಲ್ಲಿ ಇಟ್ಟುಕೊಂಡು ಬೇರೆಯವರ ಪೆಟ್ಟಿಗೆಗಳಿಗೆ ವಿದ್ಯುತ್ತು, ಸಂಪರ್ಕ ಕೊಡುವ ಏರ್ಪಾಡು ಅದು. ಹೈದರಾಬಾದಿನ ಧ್ರುವ ಸ್ಪೇಸ್ ಮಾಡಿದ್ದು ಹೀಗೇ. 2022ರ ಜೂನ್ 30ರಂದು ಪಿಎಸ್‌ಎಲ್‌ವಿ-ಸಿ53ರ ಪೋಯಮ್‌ನಲ್ಲಿ ತಮ್ಮ ಡಿಪ್ಲಾಯರ್ ಒಂದನ್ನೇ ಪರೀಕ್ಷೆ ಮಾಡಿದರು. ಅದೇ ವರ್ಷ ನವೆಂಬರ್ 26ಕ್ಕೆ ಸಿ54ರಲ್ಲಿ ಥೈಬೋಲ್ಟ್ ಅನ್ನೋ ಎರಡು ಪುಟ್ಟ ಉಪಗ್ರಹ ಹಾರಿಸಿದರು. ಅವರ ಕಂಪನಿ ಶುರುವಾಗಿದ್ದು 2012ರಲ್ಲಿ. ನಡುವಿನ ವರ್ಷಗಳನ್ನು ಎಣಿಸಿ ನೋಡಿ.

ಟೂಲ್‌ರೂಮ್_ಕಾಕಾ (ಮಚ್ಛೆ)

ತಂಗೀ, ನಾನು ಟೂಲ್ ರೂಮಿನಲ್ಲೇ ಜೀವನ ಕಳೆದವನು, ವಿಮಾನದ ಭಾಗಗಳೂ ಕೈಯಲ್ಲಿ ಹಾದು ಹೋಗಿವೆ. ಆಕಾಶದ ಲೆಕ್ಕ ಮೇಲಿನವರು ಹೇಳಿದ್ದಾರೆ, ನಾನು ಚೌಕಟ್ಟಿನ ಮಾತಷ್ಟೇ ಹೇಳುತ್ತೇನೆ. ನಿಮ್ಮ ಅಪ್ಪನಿಗೂ ಓದಿ ಹೇಳವ್ವಾ.

ಆ ಡ್ರಾಯಿಂಗಿನಲ್ಲಿ ನಾಲ್ಕು ಮೂಲೆಗೆ ನಾಲ್ಕು ರೇಲ್ ಇರುತ್ತವೆ ನೋಡು. ಡಿಪ್ಲಾಯರ್ ಒಳಗೆ ಜಾರಿಕೊಂಡು ಹೋಗೋದು ಅವುಗಳ ಮೇಲೇ. ರೇಲಿನ ಅಗಲ ಕನಿಷ್ಠ 8.5 ಮಿಲಿಮೀಟರ್ ಇರಬೇಕು, ಎದುರು ಬದುರು ಹೊರ ಅಳತೆ 100 ಮಿಲಿಮೀಟರ್, ಟಾಲರೆನ್ಸ್ 0.1 ಆಚೆ ಈಚೆ. 3ಯು ಉದ್ದ 340.5. ಮೈ ನುಣುಪು 1.6 ಮೈಕ್ರಾನಿಗಿಂತ ಒರಟು ಆಗಬಾರದು. ವಾಲ್ವ್ ಸ್ಪೂಲ್ ಮಾಡಿದ ಕೈಗೆ ಇದು ದೊಡ್ಡದಲ್ಲ. ಆದರೆ ರೇಲಿಗೆ ಹಾರ್ಡ್ ಆನೊಡೈಸಿಂಗ್, ಅಂದರೆ ಮೈಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸೋದು, ಆಗಲೇಬೇಕು, ಯಾಕಂದ್ರೆ ನಿರ್ವಾತದಲ್ಲಿ ಬರಿ ಅಲ್ಯೂಮಿನಿಯಂ ಇನ್ನೊಂದು ಬರಿ ಲೋಹಕ್ಕೆ ಒತ್ತಿಕೊಂಡು ಕೂತರೆ ಅಂಟಿಕೊಳ್ಳುವ ಭಯ ಇದೆ. ಅಂಟಿದರೆ ಉಪಗ್ರಹ ಪೆಟ್ಟಿಗೆಯಿಂದ ಹೊರಗೇ ಬರೋದಿಲ್ಲ.

ಅಳತೆ ಎಡವೋದು ಈ ಆನೊಡೈಸಿಂಗಿನಲ್ಲೇ. 50 ಮೈಕ್ರಾನ್ ಪದರ ಅಂದರೆ ಸುಮಾರು ಅರ್ಧ ಒಳಗೆ ಹೋಗುತ್ತೆ, ಅರ್ಧ ಹೊರಗೆ ಬೆಳೆಯುತ್ತೆ. ಒಂದು ಮೈಗೆ 25 ಮೈಕ್ರಾನ್, ಎರಡೂ ಮೈ ಸೇರಿ 50. ನಿನಗೆ ಕೊಟ್ಟಿದ್ದ 0.1ರಲ್ಲಿ ಅರ್ಧ ಅಲ್ಲೇ ಹೋಯ್ತು. ಅದಕ್ಕೆ ಮಶೀನಿಂಗ್ ಅಳತೆಯನ್ನು ಮೊದಲೇ ಅಷ್ಟು ಇಳಿಸಿ ಇಟ್ಟುಕೊಳ್ಳಬೇಕು. ಡ್ರಾಯಿಂಗಿನ ಅಳತೆ ಆನೊಡೈಸಿಂಗಿಗೆ ಮುಂಚಿನದೋ ಆಮೇಲಿನದೋ ಅಂತ ಗಿರಾಕಿಯನ್ನು ಕೇಳಿ ಬರವಣಿಗೆಯಲ್ಲೇ ಪಡೆದುಕೋ. ಇನ್ನೊಂದು, ಆ ಪದರದಲ್ಲಿ ಕರೆಂಟ್ ಹರಿಯೋದಿಲ್ಲ. ಅರ್ಥಿಂಗ್ ಬೇಕಾದ ಕಡೆ ಮಾಸ್ಕಿಂಗ್ ಮಾಡಿ ಬಿಡಬೇಕು.

ಪಾಕೆಟ್ ಹೊಡೆಯುವಾಗ 7075 ಅಲ್ಯೂಮಿನಿಯಂ ಬಾಗುತ್ತೆ. ಒಳಗಿನ ಒತ್ತಡ ಇಳಿಸಿದ ಟಿ651 ತಟ್ಟೆ ತಗೊಂಡರೂ ಪೂರ್ತಿ ಒಂದೇ ಸಲ ಕೊರೆದರೆ ಕ್ಲಾಂಪ್ ಬಿಚ್ಚಿದ ಕೂಡಲೇ ತಿರುಚಿಕೊಳ್ಳುತ್ತೆ. ಮೊದಲು ಒರಟಾಗಿ ಕೊರೆದು ಸ್ವಲ್ಪ ಮಾಲು ಬಿಡು, ಕ್ಲಾಂಪ್ ಸಡಿಲ ಮಾಡು, ಅದು ತನ್ನ ಪಾಡಿಗೆ ಕೂರಲಿ, ಆಮೇಲೆ ಸಣ್ಣ ಕಟ್‌ನಲ್ಲಿ ಫಿನಿಶ್ ಮಾಡು.

ಬರ್, ಅಂದರೆ ಕೊರೆದ ಅಂಚಿನಲ್ಲಿ ಉಳಿಯುವ ಲೋಹದ ಚೂರು, ತೆಗೆಯೋದರಲ್ಲಿ ಸೋಮಾರಿತನ ಬೇಡ. ನಮ್ಮ ವಾಲ್ವಿನಲ್ಲಿ ಒಂದು ಚೂರು ಉಳಿದರೆ ಎಣ್ಣೆ ಫಿಲ್ಟರಿಗೆ ಹೋಗಿ ಸಿಕ್ಕುತ್ತೆ. ಅಲ್ಲಿ ತೂಕವೇ ಇಲ್ಲ, ಕೂದಲಿನಷ್ಟು ತೆಳ್ಳಗಿನ ಚೂರು ತೇಲಿಕೊಂಡು ಬಂದು ಎರಡು ಪಿನ್ನಿನ ನಡುವೆ ಕೂತರೆ ಶಾರ್ಟ್. ಯಾರೂ ಹೋಗಿ ಊದಿ ತೆಗೆಯೋಕೆ ಆಗಲ್ಲ. ಪ್ರತಿ ತೂತಿನೊಳಗೆ ಭೂತಗನ್ನಡಿ ಇಟ್ಟು ನೋಡು. ಆಮೇಲೆ ಬೋಲ್ಟು. ನಾವು ದಿನಾ ಬಳಸುವ ಸತುವಿನ ಲೇಪದ ಬೋಲ್ಟ್ ಅಲ್ಲಿಗೆ ನಡೆಯೋದಿಲ್ಲ, ಕ್ಯಾಡ್ಮಿಯಂ ಅಂತೂ ಬೇಡವೇ ಬೇಡ. ನಿರ್ವಾತದಲ್ಲಿ ಸತುವು, ಕ್ಯಾಡ್ಮಿಯಂ ಆವಿಯಾಗಿ ಹೋಗಿ ಬೇರೆ ಕಡೆ ಕೂರುತ್ತವೆ. ಸ್ಟೇನ್‌ಲೆಸ್ ಬೋಲ್ಟ್ ಹಾಕು, ಅಲ್ಯೂಮಿನಿಯಂ ತೂತಿಗೆ ಹೆಲಿಕಾಯಿಲ್ (ಮರೆಯ ಸುರುಳಿ) ಹಾಕು. ಕೂಲಂಟ್ ಜಿಡ್ಡು ಒಂದು ಹನಿ ಉಳಿದರೂ ಅದು ಆವಿಯಾಗಿ ಕ್ಯಾಮೆರಾ ಮಸೂರದ ಮೇಲೆ ಕೂರುತ್ತೆ.

ಬೆಳಗಾವಿಯಿಂದ ಆಗುತ್ತಾ ಅಂತ ಕೇಳಿದ್ದೀಯಲ್ಲ, ಚೌಕಟ್ಟಿನ ಮಟ್ಟಿಗೆ ಖಂಡಿತ ಆಗುತ್ತೆ. ಹತ್ತರಗಿಯ ಎಸ್‌ಇಝಡ್‌ನಲ್ಲಿ ವಿಮಾನದ ಭಾಗಗಳಿಗೆ ಸರ್ಫೇಸ್ ಟ್ರೀಟ್‌ಮೆಂಟ್ ಮಾಡುವವರೇ ಇದ್ದಾರೆ. ವಿಮಾನದ ಭಾಗ ಮಾಡುವ ಏಕಸ್‌ನಂಥ ಕಡೆ ತಯಾರಾದ ಹುಡುಗರು ಈ ಊರಲ್ಲೇ ಓಡಾಡುತ್ತಿದ್ದಾರೆ. ಅವರಿಗೆ ಕಾಗದದ ಶಿಸ್ತು ಗೊತ್ತು. ಯಾವ ತಟ್ಟೆ, ಯಾವ ಹೀಟ್ ನಂಬರ್, ಯಾರು ಕೊರೆದರು, ಯಾರು ಅಳೆದರು, ಎಲ್ಲ ಬರೆದಿಡಬೇಕು. ನಮ್ಮ ಸಣ್ಣ ಶಾಪುಗಳಲ್ಲಿ ಕೆಲಸ ಚೆನ್ನಾಗಿರುತ್ತೆ, ಕಾಗದ ಇರೋದಿಲ್ಲ. ಅಂಥ ಒಬ್ಬ ಹುಡುಗನನ್ನು ಮೊದಲು ಸೇರಿಸಿಕೋ, ಮಶೀನ್ ಆಮೇಲೆ ತಗೋ.

ಹೊಳೆದಂಡೆ (ಚಿಕ್ಕೋಡಿ)

ಪ್ರವಾಹದ ಮಾತು ಬಂತು ಅಂತ ಬರೀತಾ ಇದ್ದೇನೆ. ಕೃಷ್ಣೆ ದಂಡೆಯಲ್ಲಿ ನಮ್ಮ ಕಬ್ಬು ಇದೆ, ಮ್ಯಾಪಿಂಗ್ ಕೆಲಸವೂ ಮಾಡುತ್ತೇನೆ.

ನೀರು ಬರುತ್ತೆ ಅನ್ನೋದು ನಮಗೆ ಉಪಗ್ರಹದಿಂದ ಗೊತ್ತಾಗಬೇಕಿಲ್ಲ. ಮಹಾರಾಷ್ಟ್ರದಲ್ಲಿ ಮಳೆ ಎಷ್ಟು, ಕೊಯ್ನಾದಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬರುತ್ತಿದೆ ಅಂತ ಎಲ್ಲರ ಮೊಬೈಲಿಗೆ ಬರುತ್ತೆ. ಕಲ್ಲೋಳ-ಯಡೂರ ಸೇತುವೆ ಮುಳುಗಿತು ಅಂದರೆ ಮುಂದಿನದು ಊರಿನವರಿಗೇ ಗೊತ್ತು. ಜಗಳ ಇರೋದು ನೀರು ಇಳಿದ ಮೇಲೆ. ಯಾರ ಹೊಲದಲ್ಲಿ ಎಷ್ಟು ದಿನ ನೀರು ನಿಂತಿತ್ತು, ಯಾವ ಸರ್ವೆ ನಂಬರಿನಲ್ಲಿ ಅರ್ಧ ಮುಳುಗಿತ್ತು, ಇದಕ್ಕೆ ಪುರಾವೆ ಇಲ್ಲ. ಸರ್ವೆಗೆ ಬರುವ ಹೊತ್ತಿಗೆ ಕಬ್ಬು ಮೇಲಿಂದ ಹಸಿರಾಗೇ ಕಾಣುತ್ತೆ, ಬೇರು ಕೊಳೆತಿರುತ್ತೆ.

ಇದಕ್ಕೆ ಬೇಕಾದ ಚಿತ್ರಗಳಲ್ಲಿ ಬಹಳಷ್ಟು ಈಗಾಗಲೇ ಪುಕ್ಕಟೆ ಸಿಗುತ್ತವೆ. ಯುರೋಪಿನ ಸೆಂಟಿನೆಲ್-1 ರೇಡಾರ್ ಇದೆ, ಮೋಡದಾಚೆ ನೋಡುತ್ತೆ. ಹೈದರಾಬಾದಿನ ಎನ್‌ಆರ್‌ಎಸ್‌ಸಿ (ಇಸ್ರೋದ ದೂರಸಂವೇದಿ ಕೇಂದ್ರ) ಪ್ರವಾಹದ ನಕ್ಷೆಗಳನ್ನು ಮಾಡುತ್ತೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ನಿಸಾರ್ ಹೋಯಿತು. ಇಸ್ರೋ ಮತ್ತು ನಾಸಾ ಸೇರಿ ಮಾಡಿದ ರೇಡಾರ್ ಅದು, ತೂಕವೇ 2392 ಕಿಲೋ. ಅದೂ 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುತ್ತೆ. ಬಂದ ನೀರು ವಾರದಲ್ಲಿ ಇಳಿದರೆ ಒಂದೇ ಉಪಗ್ರಹ ನಂಬಿ ಕೂತವರಿಗೆ ಸಿಗೋದೇ ಇಲ್ಲ. ಸಣ್ಣ ಉಪಗ್ರಹಗಳ ದೊಡ್ಡ ಗುಂಪು ಬೇಕು ಅನ್ನೋದು ಅದಕ್ಕೇ. ಆ ಗುಂಪು ಕಟ್ಟೋದು ಮೂವರ ಕೈಲಿ ಆಗುವಂಥದ್ದಲ್ಲ.

ಆದರೆ ನಿಮ್ಮ ಮೂವರಿಗೆ ಇಲ್ಲೇ ಒಂದು ಒಳ್ಳೆ ಕೆಲಸ ಇದೆ. ರೇಡಾರ್ ಚಿತ್ರದಲ್ಲಿ ತೆರೆದ ನೀರು ಕಪ್ಪಗೆ ಕಾಣುತ್ತೆ, ಯಾಕಂದ್ರೆ ಸಪಾಟು ನೀರು ಅಲೆಯನ್ನು ಆಚೆಗೆ ಚಿಮ್ಮಿಸಿಬಿಡುತ್ತೆ, ವಾಪಸ್ ಕಳಿಸೋದಿಲ್ಲ. ಆಳೆತ್ತರ ಬೆಳೆದ ಕಬ್ಬಿನ ಬುಡದಲ್ಲಿ ನೀರು ನಿಂತಿದ್ದರೆ ಹಾಗೆ ಕಪ್ಪಗೆ ಕಾಣೋದಿಲ್ಲ. ಅಲೆ ಎಲೆಯ ಮೇಲೇ ನಿಂತುಬಿಡಬಹುದು, ಇಲ್ಲಾ ನೀರಿಗೂ ದಂಟಿಗೂ ಬಡಿದು ಇನ್ನೂ ಬೆಳ್ಳಗೆ ಕಾಣಬಹುದು. ಅಂದರೆ ಮುಳುಗಿದ ಹೊಲ ಒಣ ಹೊಲದ ಲೆಕ್ಕಕ್ಕೆ ಹೋಗುತ್ತೆ. ನಿಸಾರ್‌ನ ಎಲ್ ಬ್ಯಾಂಡ್ ಅಲೆ ಉದ್ದ ಇದೆ, ಎಲೆ ದಾಟಿ ಒಳಗೆ ಹೋಗುತ್ತೆ, ಅದರಿಂದ ಸುಧಾರಿಸಬಹುದು. ಆದರೆ ಅದನ್ನು ತಾಳೆ ನೋಡೋಕೆ ಯಾರಾದರೂ ಅದೇ ದಿನ ಹೊಲಕ್ಕೆ ಇಳಿದು ನೀರು ಎಷ್ಟಿದೆ ಅಂತ ಅಳೆದು ಬರಬೇಕು. ಹೊರಗಿನ ದೊಡ್ಡ ಕಂಪನಿಯವರು ನಮ್ಮ ಹೊಲಕ್ಕೆ ಇಳಿಯೋದಿಲ್ಲ. ನಾವು ಇಳಿಯಬಹುದು. ಸಕ್ಕರೆ ಕಾರ್ಖಾನೆ, ಬೆಳೆ ವಿಮೆ, ಸಹಕಾರಿ ಸಂಘ ಇವರೆಲ್ಲ ದುಡ್ಡು ಕೊಡಬಲ್ಲ ಗಿರಾಕಿಗಳು. ಉಪಗ್ರಹ ನಿಮ್ಮದೇ ಆಗಿರಬೇಕು ಅಂತ ಅವರು ಕೇಳೋದಿಲ್ಲ.

ವಿಯು2_ಆಂಟೆನಾ (ವಿಜಯಪುರ)

ಮೇಲಿನ ಮೂವರೂ ತಿಳಿದವರೇ, ಆದರೆ ನನಗೆ ಒಂದು ವಿಷಯದಲ್ಲಿ ಒಪ್ಪಿಗೆ ಇಲ್ಲ. "ಇಡೀ ಉಪಗ್ರಹ ಮಾಡಬೇಡಿ" ಅನ್ನೋದು ಕಂಪನಿ ಲೆಕ್ಕದಲ್ಲಿ ಸರಿ ಇರಬಹುದು. ಕಲಿಯುವವರ ಲೆಕ್ಕದಲ್ಲಿ ಸರಿ ಅಲ್ಲ. ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಹ್ಯಾಮ್ ರೇಡಿಯೋ (ಖಾಸಗಿಯಾಗಿ ರೇಡಿಯೋದಲ್ಲಿ ಮಾತಾಡುವ) ಹವ್ಯಾಸ ಇದೆ.

ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ ಎಲ್ಲಿ ತಯಾರಾಯ್ತು? ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಉಡುಪಿಯ ಕಡೆಯ ಯು.ಆರ್. ರಾವ್ ಅವರ ಮುಂದಾಳುತನದಲ್ಲಿ ಅದಕ್ಕೂ ಮುಂಚೆ ಉಪಗ್ರಹ ಮಾಡಿ ಗೊತ್ತಿಲ್ಲದ ಹುಡುಗರು ಸೇರಿ ಮಾಡಿದರು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಹೋಯ್ತು. ಕೆಲವೇ ದಿನಕ್ಕೆ ವಿದ್ಯುತ್ ತೊಂದರೆ ಬಂದು ವಿಜ್ಞಾನದ ಪ್ರಯೋಗಗಳು ನಿಂತವು. ಹಾಗಂತ ಅದು ದಂಡ ಆಯ್ತಾ? ಮುಂದಿನ ಎಲ್ಲಾ ಉಪಗ್ರಹ ಮಾಡಿದವರು ಅಲ್ಲೇ ತಯಾರಾದರು. 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15ರಲ್ಲಿ ಹೋದ ಸ್ಟಡ್‌ಸ್ಯಾಟ್ ನೋಡಿ. ಬೆಂಗಳೂರಿನ ನಾಲ್ಕು, ಹೈದರಾಬಾದಿನ ಮೂರು ಕಾಲೇಜುಗಳ ವಿದ್ಯಾರ್ಥಿಗಳು ಮಾಡಿದ್ದು, ಒಂದು ಕಿಲೋಗಿಂತ ಕಡಿಮೆ ತೂಕ. ವಿಟಿಯು ಕೇಂದ್ರ ಕಚೇರಿ ಇರೋದೇ ಬೆಳಗಾವಿಯಲ್ಲಿ, ಉತ್ತರ ಕರ್ನಾಟಕದ ಕಾಲೇಜುಗಳು ಸೇರಿ ಇನ್ನೊಂದು ಯಾಕೆ ಮಾಡಬಾರದು ಅಂತ ನಾನು ಕೇಳುತ್ತಲೇ ಇರುತ್ತೇನೆ. ಗೆಲ್ಲುವ ಉಪಗ್ರಹ ಅಂತ ಅಲ್ಲ, ಜನ ತಯಾರಾಗಲಿ ಅಂತ.

ಆದರೆ ಮೊದಲ ಹೆಜ್ಜೆ ನೆಲದ ಮೇಲೇ ಇಡಿ. ಮನೆ ಮಾಳಿಗೆ ಮೇಲೆ ಕೇಳುವ ನಿಲ್ದಾಣ ಕಟ್ಟಿ. ಹ್ಯಾಮ್ ಪರೀಕ್ಷೆ ಬರೆದು ಲೈಸೆನ್ಸ್ ತಗೊಳ್ಳಿ, ಆಮೇಲೆ ಒಂದು ಎಸ್‌ಡಿಆರ್ ಡಾಂಗಲ್ (ಲ್ಯಾಪ್‌ಟಾಪಿಗೆ ಚುಚ್ಚುವ ಪುಟ್ಟ ರೇಡಿಯೋ), ಒಂದು ಆಂಟೆನಾ, ಒಂದು ಲ್ಯಾಪ್‌ಟಾಪ್ ಸಾಕು. ಮೊದಲು ರಷ್ಯಾದ ಮೆಟಿಯೋರ್ ಹವಾಮಾನ ಉಪಗ್ರಹವನ್ನು 137 ಮೆಗಾಹರ್ಟ್ಜ್‌ನಲ್ಲಿ ಹಿಡಿಯಿರಿ, ಆಮೇಲೆ 435ರ ಆಸುಪಾಸಿನ ಕ್ಯೂಬ್‌ಸ್ಯಾಟ್‌ಗಳು. ಉಪಗ್ರಹ ದಿಗಂತದಿಂದ ಎದ್ದು ಬರುವಾಗ ಸಿಗ್ನಲ್ ಸುಮಾರು 10 ಕಿಲೋಹರ್ಟ್ಜ್ ಮೇಲಿರುತ್ತೆ, ತಲೆ ಮೇಲೆ ಹಾದು ಆಚೆ ಇಳಿಯುವಾಗ ಅಷ್ಟೇ ಕೆಳಗೆ ಜಾರುತ್ತೆ. ಪರದೆಯ ಮೇಲೆ ಅದು ಬಾಗಿದ ಗೆರೆಯಾಗಿ ಕಾಣುತ್ತೆ. ಒಂದು ಸಲ ನೀವೇ ಅದನ್ನು ಹಿಡಿದರೆ ಡಾಪ್ಲರ್ ಅಂದರೇನು ಅಂತ ಪುಸ್ತಕ ತೆಗೆಯಬೇಕಿಲ್ಲ. ಒಂದು ಸಲ ಹಾದುಹೋಗೋದು ಹೆಚ್ಚೆಂದರೆ ಹತ್ತು ಹದಿನೈದು ನಿಮಿಷ. ಅಷ್ಟರಲ್ಲೇ ಎಲ್ಲ ಮಾತು ಮುಗಿಸಬೇಕು ಅನ್ನೋದು ಕಿವಿಯಲ್ಲಿ ಕೇಳಿದ ಮೇಲೇ ಸರಿಯಾಗಿ ಅರ್ಥ ಆಗೋದು. ನಿಮ್ಮ ಆರ್‌ಎಫ್ ಗೆಳತಿಗೆ ಇದು ಹಬ್ಬ.

ಇನ್ನೊಂದು ಮಾತು. ಹ್ಯಾಮ್ ತರಂಗಗಳನ್ನು ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. ಕಂಪನಿ ಉಪಗ್ರಹಕ್ಕೆ ತರಂಗದ ಪರವಾನಗಿ ಬೇರೆ, ಅದಕ್ಕೆ ತರಂಗ ಹಂಚುವ ಸರ್ಕಾರಿ ವಿಭಾಗ ದೆಹಲಿಯ ಡಬ್ಲ್ಯುಪಿಸಿ, ಜೊತೆಗೆ ಅಂತರರಾಷ್ಟ್ರೀಯ ನೋಂದಣಿ. ಕಾಗದದ ಕೆಲಸ ಮೊದಲ ದಿನವೇ ಶುರು ಮಾಡಬೇಕು.

ವಿಎಂಸಿ_ಹುಡುಗಿ (ಬೆಳಗಾವಿ)

ಇಷ್ಟು ಬರೀತೀರಿ ಅಂತ ಅಂದುಕೊಂಡಿರಲಿಲ್ಲ. ನಿಮ್ಮೆಲ್ಲರಿಗೂ ಮನಸಾರೆ ಧನ್ಯವಾದ. ಕಾಕಾ ಅವರ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಸತುವಿನ ಬೋಲ್ಟಿನ ಮಾತು ಬಂದಾಗ ಇನ್ನೊಂದು ಸಲ ಓದು ಅಂದರು.

ಗೆಳತಿಯರ ಜೊತೆಯೂ ಮಾತಾಡಿದೆ. ಪ್ರವಾಹದ ಉಪಗ್ರಹ ನಮ್ಮದೇ ಆಗಬೇಕು ಅನ್ನೋದನ್ನು ಸದ್ಯಕ್ಕೆ ಬಿಟ್ಟಿದ್ದೇವೆ. ಹೊಳೆದಂಡೆ ಅಣ್ಣಾ ಹೇಳಿದ ಕಬ್ಬಿನ ಬುಡದ ನೀರಿನ ವಿಷಯ ಮೂವರಿಗೂ ಹಿಡಿಸಿದೆ, ಈ ಮಳೆಗಾಲಕ್ಕೆ ನಿಮ್ಮ ಕಡೆ ಬರಬಹುದಾ? ಚೌಕಟ್ಟಿನ ಆರ್ಡರ್ ತಗೊಳ್ಳುತ್ತೇವೆ. ಮಾಳಿಗೆ ಮೇಲೆ ಆಂಟೆನಾಗೂ ಅಪ್ಪ ಒಪ್ಪಿದ್ದಾರೆ.

ಆಂಟೆನಾ ಬಿಚ್ಚಿಕೊಳ್ಳುವ ಭಾಗದ ಬಗ್ಗೆ ಕರದಂಟು ಸರ್ ಹೇಳಿದ್ದರಲ್ಲ, ಅದನ್ನು ನಾವೇ ಒಂದು ಮಾಡಿ ನೋಡಬೇಕು ಅಂತಿದೆ. ಎಲ್ಲಿಂದ ಶುರು ಮಾಡಲಿ?

ಕರದಂಟು_ಪ್ರಿಯ (ಗೋಕಾಕ, ಸದ್ಯ ಬೆಂಗಳೂರು)

ಒಳ್ಳೆ ಕೆಲಸ ಆರಿಸಿದ್ದೀರಿ. ಶುರು ಮಾಡೋಕೆ ಅಂಗಡಿಯಲ್ಲಿ ಸಿಗುವ ಸ್ಟೀಲ್ ಅಳತೆ ಟೇಪ್ ತಗೊಳ್ಳಿ. ಎಷ್ಟೋ ಕ್ಯೂಬ್‌ಸ್ಯಾಟುಗಳ ಆಂಟೆನಾ ಅದೇ. ಮಡಚಿ ನೈಲಾನ್ ದಾರದಿಂದ ಕಟ್ಟಿರುತ್ತಾರೆ, ದಾರಕ್ಕೆ ನಿಕ್ರೋಮ್ ತಂತಿ ತಾಗಿರುತ್ತೆ. ಡಿಪ್ಲಾಯರಿನಿಂದ ಹೊರಬಿದ್ದು 30 ನಿಮಿಷ ಆಗುವವರೆಗೆ ಏನೂ ಬಿಚ್ಚಿಕೊಳ್ಳಬಾರದು, 45 ನಿಮಿಷದವರೆಗೆ ರೇಡಿಯೋ ಮಾತಾಡಬಾರದು ಅನ್ನೋದು ನಿಯಮ. ಸಮಯ ಆದಾಗ ತಂತಿಗೆ ಕರೆಂಟ್ ಬಿಟ್ಟರೆ ದಾರ ಕರಗಿ ಟೇಪ್ ತಾನೇ ನೆಟ್ಟಗಾಗುತ್ತೆ.

ಕೇಳೋಕೆ ಸುಲಭ, ಆದರೆ ಎಡವಟ್ಟು ಆಗೋದೂ ಇಲ್ಲೇ. ನಿರ್ವಾತದಲ್ಲಿ ಗಾಳಿ ಇಲ್ಲದ್ದರಿಂದ ತಂತಿ ಬೇಗ ಕಾಯುತ್ತೆ. ಮೇಜಿನ ಮೇಲೆ ಸರಿಹೋದ ಕರೆಂಟ್ ಅಲ್ಲಿ ತಂತಿಯನ್ನೇ ಸುಟ್ಟುಬಿಡಬಹುದು. ಹಾಗೇ ನೆರಳಿನ ಚಳಿಯಲ್ಲಿ ಬ್ಯಾಟರಿ ಕುಗ್ಗಿದ್ದರೆ ಕರಗಿಸೋಕೆ ಬೇಕಾದಷ್ಟು ಕರೆಂಟೇ ಬರದಿರಬಹುದು. ಅದಕ್ಕೆ ಎರಡು ತಂತಿ ಹಾಕಿ, ಎರಡಕ್ಕೂ ಬೇರೆ ಬೇರೆ ಸರ್ಕ್ಯೂಟ್ ಕೊಡಿ. ಬಿಚ್ಚಿಕೊಂಡಿತಾ ಇಲ್ಲವಾ ಅಂತ ತಿಳಿಯೋಕೆ ಒಂದು ಸಣ್ಣ ಸ್ವಿಚ್ ಇಡಿ. ಇಲ್ಲ ಅಂದರೆ ಮುಂದಿನ ಸುತ್ತಿನಲ್ಲಿ ಮತ್ತೆ ಪ್ರಯತ್ನ ಮಾಡುವ ಹಾಗೆ ನಿಮ್ಮ ಗೆಳತಿ ಪ್ರೋಗ್ರಾಂ ಬರೆಯಲಿ. ಫ್ರಿಜ್ಜಿನ ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟು ತೆಗೆದ ಕೂಡಲೇ ಮಾಡಿ ನೋಡಿ, ಬಿಸಿಲಲ್ಲಿ ಕಾಯಿಸಿ ಮಾಡಿ ನೋಡಿ, ದಾರ ಬದಲಿಸಿ ಮಾಡಿ ನೋಡಿ, ಪ್ರತಿ ಸಲದ್ದೂ ಬರೆದಿಡಿ. ಸಣ್ಣ ವ್ಯಾಕ್ಯೂಮ್ ಚೇಂಬರ್ ನಿಮ್ಮ ಶಾಪಿನಲ್ಲೇ ಕಟ್ಟಬಹುದು. ಹೈಡ್ರಾಲಿಕ್ ಸೀಲ್ ಗೊತ್ತಿರುವವರಿಗೆ ಓ-ರಿಂಗ್ ಕೂರಿಸೋದು ಹೇಳಿಕೊಡಬೇಕಿಲ್ಲ, ಪಂಪ್ ಒಂದನ್ನು ಒಳ್ಳೇದು ನೋಡಿ ತಗೊಳ್ಳಿ.

ಹತ್ತಾರು ಸಲ ತಪ್ಪದೆ ಬಿಚ್ಚಿಕೊಂಡ ದಾಖಲೆ ಕೈಯಲ್ಲಿ ಇಟ್ಟುಕೊಂಡು ಬನ್ನಿ. ಪೋಯಮ್‌ಗೆ ಅರ್ಜಿ ಇನ್‌ಸ್ಪೇಸ್ ಮೂಲಕ ಹಾಕಬೇಕು. 2024ರ ಡಿಸೆಂಬರಿನ ಪೋಯಮ್-4ರಲ್ಲಿ 24 ಪೆಟ್ಟಿಗೆಗಳಿದ್ದವು, ಇಸ್ರೋದವರ ಅಲಸಂದೆ ಬೀಜ ಮೊಳಕೆ ಒಡೆದದ್ದು ಅದರಲ್ಲೇ, ಬೆಂಗಳೂರಿನ ಆರ್‌ವಿ ಕಾಲೇಜಿನ ಹುಡುಗರದೂ ಒಂದು ಇತ್ತು. ಅರ್ಜಿ ಬರೆಯುವಾಗ ನನಗೆ ಮೆಸೇಜ್ ಮಾಡಿ, ಜೊತೆಗೆ ಕೂತು ನೋಡೋಣ.

ಹೊಳೆದಂಡೆ (ಚಿಕ್ಕೋಡಿ)

ಬನ್ನಿ ತಂಗೀ, ಮೂವರೂ ಬನ್ನಿ. ಜುಲೈ ಕೊನೇ ವಾರದಿಂದ ಆಗಸ್ಟ್ ಪೂರ್ತಿ ನೋಡುವಂಥ ಕಾಲ. ಉಪಗ್ರಹ ಹಾದುಹೋಗುವ ದಿನಗಳ ಪಟ್ಟಿ ನಾನು ತೆಗೆದಿಡುತ್ತೇನೆ. ಮೊಣಕಾಲುದ್ದ ರಬ್ಬರ್ ಬೂಟು, ಗುರುತು ಹಾಕಿದ ಬಿದಿರು ಕೋಲು ಇಷ್ಟು ತನ್ನಿ. ನೀರು ಏರುತ್ತಿರುವಾಗ ಮಾತ್ರ ಹೊಲಕ್ಕೆ ಇಳಿಯೋದು ಬೇಡ, ನಿಂತ ಮೇಲೆ ಇಳಿಯೋಣ.